ಗೇಟ್ ಮುಂದೆ ಕೊನೆಯ ಹದಿನೈದು ನಿಮಿಷ

ಎರಡು ವರ್ಷವಾಯ್ತು. ಈಗಲೂ ಅಮೆರಿಕದ ರಾಲೀ-ಡರಮ್ ಏರ್‌ಪೋರ್ಟಿನಲ್ಲಿ ಆ ಗೇಟ್ ದಾಟುವಾಗ ನನಗೆ ಆವತ್ತಿನ ಮಧ್ಯಾಹ್ನ ನೆನಪಾಗುತ್ತದೆ. ಹೊಸದಾಗಿ ಕಮ್ಯೂಟ್ (ಮನೆಯ ಊರಿಂದ ಕೆಲಸದ ಊರಿಗೆ ವಿಮಾನದಲ್ಲಿ ಓಡಾಟ) ಶುರು ಮಾಡಿರುವ ಫಸ್ಟ್ ಆಫೀಸರ್‌ಗಳು, ಅಂದರೆ ಸಹ-ಪೈಲಟ್‌ಗಳು, ಯಾರಾದರೂ ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನ ಮನೆ ರಾಲೀಯಲ್ಲಿ, ಡ್ಯೂಟಿ ಶುರುವಾಗುವ ಬೇಸ್ ಶಿಕಾಗೋದ ಓಹೇರ್ ಏರ್‌ಪೋರ್ಟ್. ನಮ್ಮ ಕಂಪನಿಯ ವಿಮಾನ ನನಗೆ ಹೊಂದುವ ಹೊತ್ತಿಗೆ ಇರುವುದು ಕಡಿಮೆ. ಹಾಗಾಗಿ ಜಾಸ್ತಿ ಸಲ ಬೇರೆ ಕಂಪನಿಯವರ ಜಂಪ್‌ಸೀಟೇ (ಕಾಕ್‌ಪಿಟ್ಟಿನೊಳಗಿನ ಮಡಚುವ ಹೆಚ್ಚುವರಿ ಸೀಟು) ಗತಿ. ಆವತ್ತು ಶೋ ಟೈಮ್, ಅಂದರೆ ಡ್ಯೂಟಿಗೆ ಹಾಜರಾಗುವ ಹೊತ್ತು, ಸಂಜೆ 5.15. ಕಾಂಟ್ರ್ಯಾಕ್ಟ್ ಪ್ರಕಾರ ಎರಡು ಫ್ಲೈಟ್ ನೋಡಿಟ್ಟುಕೊಂಡಿದ್ದೆ. ಮೊದಲನೆಯದು 1.05ಕ್ಕೆ, ಬ್ಯಾಕಪ್ 3.10ಕ್ಕೆ.

ಮೊದಲನೆಯದಕ್ಕೇ ಹೋಗಬೇಕು ಅಂತ ಹಟ ಹಿಡಿದಿದ್ದೆ. ಅದಕ್ಕೆ ಕಾರಣವೂ ಇತ್ತು. ಆ ರಾತ್ರಿ ಮೂರು ಲೆಗ್, ಅಂದರೆ ಮೂರು ಹಾರಾಟ, ಹಾರಿಸಬೇಕಿತ್ತು. ಕ್ರೂ ರೂಮಿನಲ್ಲಿ ಎರಡು ಗಂಟೆ ಕಾಲು ಚಾಚಿ ಮಲಗಿದರೆ ಆ ಮೂರು ಲೆಗ್‌ಗೂ ಮೈ ಹಗುರ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ಕಂಪನಿಯ 3407 ವಿಮಾನ ಬಿದ್ದು 50 ಜನ ಸತ್ತರು. ಆ ವಿಮಾನದ ಫಸ್ಟ್ ಆಫೀಸರ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಮೆಂಫಿಸ್ ದಾರಿಯಾಗಿ ನ್ಯೂವರ್ಕ್‌ಗೆ ಕಮ್ಯೂಟ್ ಮಾಡಿ ಬಂದಿದ್ದರು. 2014ರ ಜನವರಿಯಿಂದ ಪೈಲಟ್‌ಗಳ ದಣಿವು ತಡೆಯುವ ಅಮೆರಿಕದ ನಿಯಮ ಪಾರ್ಟ್ 117 ಜಾರಿಗೆ ಬಂತು. ಡ್ಯೂಟಿ ಗಂಟೆ, ವಿಶ್ರಾಂತಿ ಎಲ್ಲಕ್ಕೂ ಲೆಕ್ಕ ಬಂತು. ಆದರೆ ಕಮ್ಯೂಟ್ ಮಾಡುವ ಹೊತ್ತು ಆ ಲೆಕ್ಕದಲ್ಲಿಲ್ಲ. ಡ್ಯೂಟಿಗೆ ಫಿಟ್ ಆಗಿ ಬರುವುದು ನಮ್ಮ ಹೊಣೆ. ಇದು ನನ್ನ ತಲೆಯಲ್ಲಿ ಸದಾ ಇರುತ್ತದೆ. ಆವತ್ತು ಅದೇ ನನ್ನನ್ನು ಅವಸರಕ್ಕೆ ಬೀಳಿಸಿತು.

12.15ಕ್ಕೆ ಗೇಟ್ ತಲುಪಿದೆ. ನಿಂತಿದ್ದದ್ದು ಎಂಬ್ರಾಯರ್ 175 ಅನ್ನುವ ಸಣ್ಣ ಜೆಟ್. ಕಾಕ್‌ಪಿಟ್ಟಿನಲ್ಲಿ ಒಂದೇ ಜಂಪ್‌ಸೀಟ್. ಫೋನಿನ ಆ್ಯಪ್ 'ಜಂಪ್‌ಸೀಟ್ ಓಪನ್' ಅಂತ ಹಸಿರು ತೋರಿಸುತ್ತಿತ್ತು. ಗೇಟಿನ ಕೌಂಟರ್, ಅಂದರೆ ಪೋಡಿಯಂನಲ್ಲಿ, ಒಬ್ಬರೇ ಏಜೆಂಟ್. ನಲವತ್ತೈದು ದಾಟಿದ ಹೆಂಗಸು, ಕತ್ತಿನಲ್ಲಿ ಕನ್ನಡಕದ ದಾರ. ಐಡಿ ಕೊಟ್ಟೆ. ಕ್ಯಾಸ್ (ಜಂಪ್‌ಸೀಟ್ ಕೇಳುವವರ ಗುರುತು ಪರೀಕ್ಷಿಸುವ ಕಂಪ್ಯೂಟರ್ ವ್ಯವಸ್ಥೆ)ನಲ್ಲಿ ನನ್ನ ಎಂಪ್ಲಾಯಿ ನಂಬರ್ ಹಾಕಿದರು. ಪರದೆಯ ಮೇಲಿನ ಫೋಟೋ ನೋಡಿದರು, ನನ್ನ ಮುಖ ನೋಡಿದರು. ಐಡಿ ವಾಪಸ್ ಕೊಟ್ಟು, "ಲಿಸ್ಟ್ ಮಾಡಿದ್ದೇನೆ. ಆದರೆ ಇವತ್ತು ವೆಯ್ಟ್ ರಿಸ್ಟ್ರಿಕ್ಟೆಡ್. ಜಂಪ್‌ಸೀಟ್ ಆಗುವುದಿಲ್ಲ" ಅಂದರು.

ಓಹೇರ್ ಸುತ್ತ ಗುಡುಗು ಮಳೆ ಇತ್ತು. ಹಾರಾಟದ ಯೋಜನೆ ಹಾಕುವ ಡಿಸ್ಪ್ಯಾಚರ್ ದೂರದ ಆಲ್ಟರ್ನೇಟ್ (ಬದಲಿ ಏರ್‌ಪೋರ್ಟ್) ಹಾಕಿದ್ದರು, ಹೋಲ್ಡಿಂಗ್‌ಗೆ, ಅಂದರೆ ಆಕಾಶದಲ್ಲೇ ಸುತ್ತುತ್ತಾ ಕಾಯಲಿಕ್ಕೆ, ಅಂತ ಬೇರೆ ಇಂಧನ. ಅಷ್ಟು ಇಂಧನ ಹೊತ್ತು ಓಹೇರ್‌ನಲ್ಲಿ ಇಳಿಯುವಾಗ ಲ್ಯಾಂಡಿಂಗ್ ವೆಯ್ಟ್ ಮಿತಿ ಅಡ್ಡ ಬರುತ್ತದೆ. 76 ಸೀಟಿನ ವಿಮಾನಕ್ಕೆ 72 ಜನ ಸಾಕು ಅಂದಿದ್ದರು ತೂಕದ ಲೆಕ್ಕ ಹಾಕುವ ಲೋಡ್ ಪ್ಲಾನಿಂಗ್‌ನವರು. ಇದೆಲ್ಲ ನನಗೆ ಗೊತ್ತಿತ್ತು. ಕೊನೇ ಕ್ಷಣದಲ್ಲಿ ಆ ಸಂಖ್ಯೆ ಬದಲಾಗುತ್ತದೆ ಅಂತಲೂ ಗೊತ್ತಿತ್ತು.

ಅಷ್ಟು ಗೊತ್ತಿದ್ದವನು ಸುಮ್ನೆ ಕೂರಬೇಕಿತ್ತು.

"ಕ್ಯಾಪ್ಟನ್‌ನ ಕೇಳಿದಿರಾ?" ಅಂದೆ. ಮಾತು ತಪ್ಪಲ್ಲ, ಅಂದ ದನಿ ತಪ್ಪು. ಅವರು ಪರದೆಯಿಂದ ತಲೆ ಎತ್ತಲಿಲ್ಲ. "ನಂಬರ್ ಕೊಡುವುದು ಲೋಡ್ ಪ್ಲಾನಿಂಗ್, ಕ್ಯಾಪ್ಟನ್ ಅಲ್ಲ." ನಾನು ಬಿಡಲಿಲ್ಲ. "ಜಂಪ್‌ಸೀಟ್ ಕ್ಯಾಪ್ಟನ್ ಅಧಿಕಾರಕ್ಕೆ ಬಿಟ್ಟದ್ದು. ನೀವು ಇಲ್ಲಿಂದಲೇ ಇಲ್ಲ ಅನ್ನುವ ಹಾಗಿಲ್ಲ." ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬ ತಾಯಿ ಮಗುವಿನ ಸ್ಟ್ರೋಲರ್‌ಗೆ ಗೇಟ್-ಚೆಕ್ ಟ್ಯಾಗ್ ಕೇಳುತ್ತಿದ್ದರು. ವೀಲ್‌ಚೇರಿನಲ್ಲಿ ಕೂತ ಅಜ್ಜ ಮೊದಲು ಹತ್ತಬೇಕಿತ್ತು, ತಳ್ಳುವವರು ಇನ್ನೂ ಬಂದಿರಲಿಲ್ಲ. ಸೀಟ್ ಖಾಲಿಯಾದರೆ ಹತ್ತಲು ಕಾಯುವ ಸ್ಟ್ಯಾಂಡ್‌ಬೈ ಪಟ್ಟಿಯ ಮೂವರು ಎರಡೆರಡು ನಿಮಿಷಕ್ಕೆ ಬಂದು ವಿಚಾರಿಸುತ್ತಿದ್ದರು. ಇವೆಲ್ಲದರ ಮಧ್ಯೆ ಯೂನಿಫಾರ್ಮ್ ಹಾಕಿಕೊಂಡು ನಿಂತು ನಾನು ಅವರಿಗೆ ನಿಯಮ ಹೇಳುತ್ತಿದ್ದೆ.

"ಸರ್, ದಯವಿಟ್ಟು ಪಕ್ಕಕ್ಕೆ ನಿಲ್ಲಿ. ನಾನು ಬೋರ್ಡಿಂಗ್ ಶುರು ಮಾಡಬೇಕು."

ಆ 'ಸರ್' ನನಗೆ ಚುಚ್ಚಿತು. ಪಕ್ಕಕ್ಕೆ ನಿಲ್ಲುವ ಬದಲು ಅಲ್ಲಿಂದಲೇ ಹೊರಟೆ. ನಾಲ್ಕು ಗೇಟ್ ಆಚೆ ಕಿಟಕಿ ಹತ್ತಿರ ಹೋಗಿ ಯೂನಿಯನ್ನಿನ ಜಂಪ್‌ಸೀಟ್ ಕೋಆರ್ಡಿನೇಟರ್‌ಗೆ ಫೋನ್ ಹಚ್ಚಿದೆ. ದೂರು ಹೇಳಿದೆ, ಉದ್ದಕ್ಕೆ ಹೇಳಿದೆ. ಆ ಏಜೆಂಟ್ ಹೀಗೆ, ಈ ಕಂಪನಿಯ ಗೇಟಿನವರೆಲ್ಲ ಹೀಗೆ ಅಂತ. ಕೋಆರ್ಡಿನೇಟರ್ ತಾಳ್ಮೆಯಿಂದ ಕೇಳಿ, "ಈಗ ನೀನು ಎಲ್ಲಿದ್ದೀಯಾ?" ಅಂತ ಕೇಳಿದರು. ಗಡಿಯಾರ ನೋಡಿದೆ. 12.54.

ಓಡಿದೆ. ಬಾಗಿಲು ಮುಚ್ಚಿತ್ತು. ವಿಮಾನ ಕಿಟಕಿಯಾಚೆ ಇನ್ನೂ ನಿಂತಿತ್ತು, ಜೆಟ್‌ಬ್ರಿಜ್ ಹಿಂದೆ ಸರಿಯುತ್ತಿತ್ತು. ಏಜೆಂಟ್ ಪೇಪರ್ ಜೋಡಿಸುತ್ತಿದ್ದರು. ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು, ಅಷ್ಟೇ.

"ಎರಡು ಸಲ ಕರೆದೆ" ಅಂದರು.

ಆಗಿದ್ದು ಇಷ್ಟು. ಒಂದೇ ಬುಕಿಂಗಿನ ನಾಲ್ವರು ಬರಲೇ ಇಲ್ಲ. ಒಬ್ಬರಿಗೆ ಕೈಚೀಲ ಸೇರಿ ಸುಮಾರು 200 ಪೌಂಡ್ ಹಿಡಿದರೆ 800 ಪೌಂಡ್ ಖಾಲಿ. ಮೂವರು ಸ್ಟ್ಯಾಂಡ್‌ಬೈ ಹತ್ತಿದರು. ಇನ್ನೊಬ್ಬರಿಗೆ ಜಾಗ ಉಳಿಯಿತು. ಏಜೆಂಟೇ ಕೆಳಗೆ ಹೋಗಿ ಕ್ಯಾಪ್ಟನ್‌ನ ಕೇಳಿ ಬಂದಿದ್ದರು. ಕ್ಯಾಪ್ಟನ್ ಒಪ್ಪಿದ್ದರು. ನನ್ನ ಹೆಸರು ಮೈಕಿನಲ್ಲಿ ಎರಡು ಸಲ ಕರೆದರು. ನಾನಿಲ್ಲ. ನನಗಿಂತ ಇಪ್ಪತ್ತು ನಿಮಿಷ ತಡವಾಗಿ ಲಿಸ್ಟ್ ಆದ ಇನ್ನೊಂದು ಕಂಪನಿಯ ಹುಡುಗ ಪೋಡಿಯಂ ಎದುರು ಬ್ಯಾಕ್‌ಪ್ಯಾಕ್ ಕಾಲಸಂದಿಯಲ್ಲಿಟ್ಟುಕೊಂಡು ಕೂತಿದ್ದನಂತೆ. ಅವನು ಹೋದ.

ನಾನು ಬಾಯಿ ಜೋರು ಮಾಡಿದೆ ಅಂತ ಅವರು ಸೀಟ್ ತಪ್ಪಿಸಿದ್ದಲ್ಲ. ಅವರು ತಮ್ಮ ಕೆಲಸ ಪೂರ್ತಿ ಮಾಡಿದರು. ನಾನು ನನ್ನ ಜಾಗದಲ್ಲಿ ಇರಲಿಲ್ಲ. ಇದು ನನಗೆ ಇನ್ನೂ ನೋಯುತ್ತದೆ.

ಬ್ಯಾಕಪ್ ಫ್ಲೈಟ್ ಅದೇ ಗೇಟ್, ಅದೇ ಏಜೆಂಟ್. ಅದೂ ಹೋದರೆ ಶೆಡ್ಯೂಲಿಂಗ್‌ಗೆ ಫೋನ್ ಮಾಡಿ ಕಮ್ಯೂಟರ್ ಕ್ಲಾಜ್ (ಎರಡೂ ಫ್ಲೈಟ್ ತಪ್ಪಿದವರಿಗೆ ಕಾಂಟ್ರ್ಯಾಕ್ಟಿನಲ್ಲಿರುವ ಷರತ್ತು) ಹೇಳಬೇಕು. ಟ್ರಿಪ್ ಹೋಗುತ್ತದೆ, ಅದರ ದುಡ್ಡೂ ಹೋಗುತ್ತದೆ. ಆದರೂ ತಕ್ಷಣ ಅವರ ಹತ್ತಿರ ಹೋಗುವ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತು ಕೂತು ಯೋಚಿಸಿದೆ.

2001ರ ಸೆಪ್ಟೆಂಬರ್ 11ರ ನಂತರ ಬೇರೆ ಕಂಪನಿಯ ಪೈಲಟ್‌ಗಳಿಗೆ ಕಾಕ್‌ಪಿಟ್ ಬಾಗಿಲು ಮುಚ್ಚಿಹೋಗಿತ್ತು. ಕ್ಯಾಸ್ ಬಂದ ಮೇಲೆಯೇ ಮತ್ತೆ ತೆರೆದದ್ದು. ಅದಕ್ಕೂ ಮುಂಚೆ, 1994ರ ಏಪ್ರಿಲ್ 7ರಂದು, ಮೆಂಫಿಸ್‌ನಿಂದ ಹೊರಟ ಫೆಡ್‌ಎಕ್ಸ್ 705ರಲ್ಲಿ ಜಂಪ್‌ಸೀಟ್ ಮೇಲೆ ಬಂದ ಅದೇ ಕಂಪನಿಯ ನೌಕರ ಸುತ್ತಿಗೆಯಿಂದ ಕ್ರೂ ತಲೆ ಒಡೆದ. ಗಾಯಗೊಂಡ ಆ ಮೂವರೇ ವಿಮಾನವನ್ನು ವಾಪಸ್ ಮೆಂಫಿಸ್‌ನಲ್ಲಿ ಇಳಿಸಿದರು. 2023ರ ಅಕ್ಟೋಬರ್ 22ರಂದು ಎವರೆಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿದ್ದ ವಿಮಾನದ ಜಂಪ್‌ಸೀಟಿನಲ್ಲಿ ಕೂತ ಪೈಲಟ್ ಎಂಜಿನ್ ನಿಲ್ಲಿಸಿಬಿಡುವ ಫೈರ್ ಹ್ಯಾಂಡಲ್ ಎಳೆಯಲು ಹೋದ. ಕ್ರೂ ತಡೆದು ಪೋರ್ಟ್‌ಲೆಂಡ್‌ಗೆ ತಿರುಗಿಸಿದರು. ಅದೂ ಎಂಬ್ರಾಯರ್ 175. ಇಂಥದ್ದೇ ಮಡಚುವ ಸೀಟು.

ಕ್ಯಾಸ್ ನನ್ನ ಕೆಲಸ, ನನ್ನ ಫೋಟೋ ಸರಿಯಿದೆಯಾ ಅಂತ ಹೇಳುತ್ತದೆ. ಆವತ್ತಿನ ನನ್ನ ಮನಸ್ಸು ಹೇಗಿದೆ ಅಂತ ಅದು ಹೇಳುವುದಿಲ್ಲ. ಅದನ್ನು ಮೊದಲು ನೋಡುವವರು ಗೇಟ್ ಏಜೆಂಟ್. ಆಮೇಲೆ ಕ್ಯಾಪ್ಟನ್. ದನಿ ಏರಿಸಿ, ಮುಖ ಕೆಂಪು ಮಾಡಿಕೊಂಡು, ಬೀಗ ಹಾಕಿದ ಬಾಗಿಲಿನ ಒಳಗೆ ಬಿಡಿ ಅಂತ ಕೇಳುವ ಮನುಷ್ಯ ಅವರಿಗೆ ಹೇಗೆ ಕಂಡಿರಬೇಕು? ನಾನೇ ಆ ಕ್ಯಾಪ್ಟನ್ ಆಗಿದ್ದು, ಏಜೆಂಟ್ ಬಂದು ಮೇಲೆ ಒಬ್ಬರು ಜಗಳ ಆಡುತ್ತಿದ್ದಾರೆ ಅಂದಿದ್ದರೆ, ನಾನು ಬೇಡ ಅನ್ನುತ್ತಿದ್ದೆ. ಅವರು ಅದನ್ನು ಕ್ಯಾಪ್ಟನ್‌ಗೆ ಹೇಳಿರಲಿಲ್ಲ. ಹೇಳಬಹುದಿತ್ತು.

ಎದ್ದು ಹೋದೆ. ಪೋಡಿಯಂ ಮುಂದೆ ಯಾರೂ ಇಲ್ಲದ ಹೊತ್ತು ನೋಡಿ ಹೋದೆ. "ಆಗ ನಾನು ಮಾತಾಡಿದ ರೀತಿ ತಪ್ಪು. ಕ್ಷಮಿಸಿ. 3.10ಕ್ಕೆ ಲಿಸ್ಟ್ ಮಾಡಲು ಸಾಧ್ಯವೇ?" ಬೇರೇನೂ ಸೇರಿಸಲಿಲ್ಲ. ಶೋ ಟೈಮ್ ಹೇಳಲಿಲ್ಲ, ಹವಾಮಾನ ಹೇಳಲಿಲ್ಲ. ಅವರು ಕನ್ನಡಕ ಏರಿಸಿಕೊಂಡು ಐಡಿ ತೆಗೆದುಕೊಂಡರು. ಬೆರಳು ಟಕಟಕ ಓಡಿದವು. ಸ್ಲಿಪ್ ಪ್ರಿಂಟ್ ಆಯ್ತು, ಆದರೆ ಕೊಡಲಿಲ್ಲ. ಕೀಬೋರ್ಡ್ ಪಕ್ಕ ಇಟ್ಟುಕೊಂಡರು.

"ಇದೂ ಟೈಟ್ ಇದೆ. ನನ್ನ ಕಣ್ಣಿಗೆ ಕಾಣುವಲ್ಲಿ ಕೂತಿರಿ" ಅಂದರು.

ಎದುರಿನ ಕುರ್ಚಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ಕೂತೆ. ಆಗ ಅವರ ಕೆಲಸ ಮೊದಲ ಸಲ ಸರಿಯಾಗಿ ನೋಡಿದೆ. ನಡುವೆ ಇನ್ನೊಂದು ಫ್ಲೈಟ್ ಇಳಿಸಿದರು, ಒಬ್ಬರೇ. ಸ್ಟ್ಯಾಂಡ್‌ಬೈ ಒಂದು ಪರದೆ, ವೆಯ್ಟ್ ಇನ್ನೊಂದು ಪರದೆ, ಕ್ಯಾಸ್ ಮತ್ತೊಂದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಮತ್ತೆ ಪಾಸ್‌ವರ್ಡ್. ಲೇಟಾದರೆ ಆ ನಿಮಿಷಗಳು ಅವರ ಲೆಕ್ಕಕ್ಕೆ. ನಮ್ಮ ಕಂಪನಿ ವರ್ಷಕ್ಕೊಮ್ಮೆ ರಿಕರೆಂಟ್ ತರಬೇತಿಯಲ್ಲಿ ಕಾಕ್‌ಪಿಟ್ ಬಾಗಿಲು ಹೇಗೆ ಕಾಯಬೇಕು ಅಂತ ಕಲಿಸುತ್ತದೆ. ಗೇಟಿನಲ್ಲಿ ಹೇಗೆ ನಿಲ್ಲಬೇಕು ಅಂತ ಒಂದು ಸ್ಲೈಡೂ ಇಲ್ಲ. ಆ ಹಸಿರು ತೋರಿಸುವ ಆ್ಯಪ್‌ಗೆ ವೆಯ್ಟ್ ಅನ್ನುವುದೇ ಗೊತ್ತಿಲ್ಲ. ನಮ್ಮಲ್ಲಿ ಅರ್ಧ ಜನ ಅದನ್ನು ನಂಬಿ ಗೇಟಿಗೆ ಬಂದು, ಅದು ತಪ್ಪಿದಾಗ ಏಜೆಂಟ್ ಮೇಲೆ ಹರಿಹಾಯುತ್ತೇವೆ.

ಆವತ್ತಿನಿಂದ ನಾನು ಬೇಗ ಲಿಸ್ಟ್ ಆಗುತ್ತೇನೆ, ಆಮೇಲೆ ಬಾಯಿ ಮುಚ್ಚುತ್ತೇನೆ. ಕಾಫಿಗೆ ಹೋಗಬೇಕಾದರೆ ಮುಂಚೆ ಹೋಗಿ ಬರುತ್ತೇನೆ. ಕೊನೆಯ ಹದಿನೈದು ನಿಮಿಷ ಫೋನ್ ಜೇಬಿನಲ್ಲಿ. ಕ್ಯಾಪ್ಟನ್ ವಿಷಯ ಕೇಳಲೇಬೇಕಾದರೆ, ಬೋರ್ಡಿಂಗ್ ಮುಗಿದ ಮೇಲೆ, "ನಿಮಗೆ ಒಂದು ನಿಮಿಷ ಬಿಡುವಾದರೆ" ಅಂತ ಶುರು ಮಾಡುತ್ತೇನೆ.

2.56ಕ್ಕೆ ಅವರು ನನ್ನ ಕಡೆ ನೋಡಿ ಸ್ಲಿಪ್ ಎತ್ತಿ ಹಿಡಿದರು. ಮೈಕ್ ಬೇಕಾಗಲಿಲ್ಲ. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಕೆಳಗೆ ಹೋಗಿ ಕ್ಯಾಪ್ಟನ್ ಹತ್ತಿರ ಅನುಮತಿ ಕೇಳಿದೆ. ಅವರು ನನ್ನ ಐಡಿ ನೋಡಿ, "ಮೇಲೆ ಗೇಟಿನಲ್ಲಿರುವವರು ಆಗಲೇ ನಿಮ್ಮ ಬಗ್ಗೆ ಹೇಳಿದರು" ಅಂದರು. ಎದೆ ಧಸಕ್ಕೆಂದಿತು. "ಒಳ್ಳೆಯವರು, ಮಧ್ಯಾಹ್ನದಿಂದ ಕಾಯುತ್ತಿದ್ದಾರೆ, ಕರೆದುಕೊಂಡು ಹೋಗಿ ಅಂದರು. ಬನ್ನಿ, ಕೂತುಕೊಳ್ಳಿ."