ಗುತ್ತಿನ ಮನೆಯ ಚಾವಡಿಯಲ್ಲಿ ಏಳನೇ ಕ್ಲಾಸು

ಮಂಗಳೂರಿನ ಹತ್ತಿರದ ಪಿಲಿಕುಳ ನಿಸರ್ಗಧಾಮಕ್ಕೆ ಪ್ರವಾಸ ಅಂತ ಗೊತ್ತಾದ ಕೂಡಲೇ ಏಳನೇ ಕ್ಲಾಸಿನ ಗಂಡುಮಕ್ಕಳು ಹುಲಿ, ಚಿರತೆ, ಕಾಳಿಂಗ ಸರ್ಪದ ಮಾತು ಶುರು ಮಾಡಿದರು. ನಾನು ಸಮಾಜ ವಿಜ್ಞಾನದ ಟೀಚರ್. ನನಗೆ ಬೇಕಿದ್ದದ್ದು ಅಲ್ಲಿರುವ ಗುತ್ತಿನ ಮನೆ (ತುಳುನಾಡಿನ ಹಳೇ ಕಾಲದ ಧಣಿಗಳ ಮನೆ), ಕುಶಲಕರ್ಮಿಗಳ ಗ್ರಾಮ. ಕೊನೆಗೆ ಒಂದು ರಾಜಿ ಆಯಿತು. ಬೆಳಿಗ್ಗೆ ಟೀಚರ್ ಹೇಳಿದ ಕಡೆ, ಊಟದ ಮೇಲೆ ಹುಲಿ.

ಉಡುಪಿಯಿಂದ ಹೊರಡುವವರು ಹಳೇ ಮನೆ ತೋರಿಸಲು ಮಂಗಳೂರಿನವರೆಗೆ ಯಾಕೆ ಹೋಗಬೇಕು ಅಂತ ಹೆಡ್‌ಮಾಸ್ಟ್ರು ಕೇಳಿದ್ದರು. ಸರಿಯಾದ ಪ್ರಶ್ನೆಯೇ. ಮಣಿಪಾಲದಲ್ಲೇ ವಿಜಯನಾಥ ಶೆಣೈಯವರು ಕಟ್ಟಿದ ಹೆರಿಟೇಜ್ ವಿಲೇಜ್ ಇದೆ. ಬೀಳಲಿಕ್ಕೆ ಆದ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಾನು ನೋಡಿ ಬೆರಗಾಗಿದ್ದೇನೆ. ಆದರೆ ಅಷ್ಟು ಹಳೆಯ ಮರ, ಅಷ್ಟು ಹಳೆಯ ಕೆತ್ತನೆ ಇರುವ ಕಡೆ ಕೈ ಕಟ್ಟಿಕೊಂಡು ನಡೆಯಬೇಕು. ನಮ್ಮ ಏಳನೇ ಕ್ಲಾಸಿಗೆ ಕೈ ಕಟ್ಟಿಕೊಳ್ಳುವುದು ಪ್ರಾರ್ಥನೆಯ ಹೊತ್ತಲ್ಲೂ ಆಗುವುದಿಲ್ಲ. ಪಿಲಿಕುಳದ ಗುತ್ತಿನ ಮನೆ ಹೊಸದಾಗಿ ಕಟ್ಟಿದ್ದು. ಹಳೆಯ ಮಾದರಿ ಅಷ್ಟೇ. ಚಾವಡಿಯಲ್ಲಿ ಮಕ್ಕಳು ನಾಲ್ಕು ಸಲ ಹತ್ತಿ ಇಳಿದರೂ ಎದೆ ಹೊಡೆದುಕೊಳ್ಳುವುದಿಲ್ಲ.

ಪಡುಬಿದ್ರಿ, ಮುಲ್ಕಿ, ಸುರತ್ಕಲ್ ದಾಟುವವರೆಗೆ ಬಸ್ಸಿನಲ್ಲಿ ಅಂತ್ಯಾಕ್ಷರಿ. ಕೂಳೂರಿನಲ್ಲಿ ಒಳಗೆ ತಿರುಗಿ ಕಾವೂರು, ಬೋಂದೆಲ್ ಮೇಲೆ ಹೋಗುವಾಗ ಒಬ್ಬನಿಗೆ ವಾಂತಿ. ಪ್ರವಾಸ ಅಂದ ಮೇಲೆ ಅದು ಇದ್ದದ್ದೇ.

ನಮ್ಮ ಕ್ಲಾಸಿನ ಬಗ್ಗೆ ಸ್ವಲ್ಪ ಹೇಳಬೇಕು. ಈಗ ಉಡುಪಿಯ ಸುತ್ತಮುತ್ತ ಕನ್ನಡ ಶಾಲೆಗಳಲ್ಲಿ ಊರಿನ ಮಕ್ಕಳು ಎಷ್ಟು ಇದ್ದಾರೋ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದವರ ಮಕ್ಕಳೂ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. ಅಪ್ಪ ಕಟ್ಟಡದ ಕೆಲಸಕ್ಕೆ, ಅಮ್ಮನೂ ಅಲ್ಲೇ. ಊರಿನ ಮಕ್ಕಳಲ್ಲಿ ಕೆಲವರ ಅಮ್ಮಂದಿರು ಬೀಡಿ ಕಟ್ಟುತ್ತಾರೆ, ಕೆಲವರ ಅಪ್ಪಂದಿರು ಮಲ್ಪೆ ಬಂದರಿನಲ್ಲಿ. ಈ ಮಕ್ಕಳು ಇಲ್ಲದಿದ್ದರೆ ನಮ್ಮ ಶಾಲೆ ಯಾವತ್ತೋ ಮುಚ್ಚುತ್ತಿತ್ತು.

ಮೊದಲು ಕುಂಬಾರರ ಹತ್ತಿರ ಹೋದೆವು. ತಿಗರಿ ತಿರುಗಿತು, ಮಣ್ಣಿನ ಮುದ್ದೆಯ ನಡುವೆ ಹೆಬ್ಬೆರಳು ಇಳಿಯಿತು, ಗೋಡೆ ಮೇಲೆದ್ದು ಬಂತು. ಕೊನೆಗೆ ಒಂದು ದಾರವನ್ನು ಬುಡದಲ್ಲಿ ಎಳೆದು ಪಾತ್ರೆಯನ್ನು ಎರಡು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ಕರಾವಳಿಯ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಎಲ್ಲರಿಗೂ ಒಂದು ಸಲ ಮಣ್ಣು ಮುಟ್ಟಬೇಕು. ಮುಟ್ಟಿದ ಕೂಡಲೇ ಗೋಡೆ ಒಂದು ಕಡೆ ವಾಲಿ ಕುಸಿಯುತ್ತಿತ್ತು. ಕುಷ್ಟಗಿ ಕಡೆಯ ಒಬ್ಬ ಹುಡುಗ ಮಾತ್ರ ಹಿಂದೆ ನಿಂತು ಬ್ಯಾಗಿನ ಜಿಪ್ ಎಳೆಯುತ್ತಾ ಇದ್ದ.

"ನೀನು ನೋಡುವುದಿಲ್ವಾ?" ಅಂದೆ.

"ನಮ್ಮೂರಾಗ ಕುಂಬಾರ್ರು ಅದಾರ್ರೀ ಟೀಚರ್. ದಿನಾ ನೋಡೀನಿ. ಇದೇನ್ ಹಿಸ್ಟರಿ?"

ಕುಂಬಾರರಿಗೆ ಅದು ಕೇಳಿಸಿತು. ಅವರು ನಕ್ಕು, ಹಾಗಾದರೆ ನಿಮ್ಮೂರಲ್ಲಿ ಮಣ್ಣು ಎಲ್ಲಿಂದ ತರ್ತಾರೆ ಅಂತ ಕೇಳಿದರು. ಕೆರೆಯಿಂದ ಅಂದ ಇವನು. ಇಲ್ಲಿ ಗದ್ದೆಯ ಮಣ್ಣು ಬೇಕು, ಗದ್ದೆಯೆಲ್ಲ ಸೈಟ್ ಆಗಿದೆ ಅಂದರು ಅವರು. ಆಮೇಲೆ ಇಬ್ಬರೂ ಮಾತಿಗೆ ಬಿದ್ದರು. ಸುಡುವುದಕ್ಕೆ ಏನು ಹಾಕ್ತಾರೆ, ಗಡಿಗೆಯ ಬಾಯಿ ಎಷ್ಟು ಅಗಲ, ಮಳೆಗಾಲದಲ್ಲಿ ಏನು ಮಾಡ್ತಾರೆ. ನನ್ನ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆಗಳಿಗಿಂತ ಅವನ ಪ್ರಶ್ನೆಗಳೇ ಚೆನ್ನಾಗಿದ್ದವು. ಹಾಳೆಯನ್ನು ಮಡಚಿ ಪರ್ಸಿನೊಳಗೆ ಹಾಕಿದೆ.

ಕಮ್ಮಾರರ ಕುಲುಮೆ, ಬೆತ್ತದ ಬುಟ್ಟಿ, ಮಗ್ಗ ಎಲ್ಲ ಬೇಗ ಬೇಗ ಮುಗಿಯಿತು. ಮಕ್ಕಳಿಗೆ ಕಿಡಿ ಹಾರುವುದು ಇಷ್ಟವಾಯಿತು, ಮಗ್ಗ ಅಷ್ಟೇನೂ ಆಗಲಿಲ್ಲ. ಅವಲಕ್ಕಿಯ ಹತ್ತಿರ ಮತ್ತೆ ತಡೆದರು. ಇಬ್ಬರು ಎದುರುಬದುರು ನಿಂತು ಒಂದೇ ಒರಳಿಗೆ ಒನಕೆ ಹಾಕುವುದನ್ನು ಮಾಡಿ ನೋಡಬೇಕು ಅಂತ ಹುಡುಗಿಯರಿಗೆ ಆಸೆ. ಒನಕೆ ಒಂದಕ್ಕೊಂದು ತಾಗಿ ಕೈ ಜುಮ್ ಅನ್ನುತ್ತಿತ್ತು. ಒಬ್ಬಳು ಮತ್ತೊಬ್ಬಳಿಗೆ "ನಾನು ಎತ್ತುವಾಗ ನೀನು ಹಾಕಬೇಕು ಮಾರಾಯ್ತಿ" ಅಂತ ಬೈದ ಮೇಲೆ ಲಯ ಕೂಡಿತು. ಆದರೆ ಹತ್ತು ಪೆಟ್ಟಿಗೆ ಸುಸ್ತು. ಒಂದು ತಿಂಡಿಗೆ ಇಷ್ಟು ಕೆಲಸವಾ ಅಂತ ಒಬ್ಬಳು ಕೇಳಿದಳು.

ಆಮೇಲೆ ಗುತ್ತಿನ ಮನೆ.

ಒಳಗೆ ಕಾಲಿಟ್ಟ ಕೂಡಲೇ ತಂಪು. ಮರದ ಮುಚ್ಚಿಗೆ, ಕಂಬಗಳು, ಎತ್ತರದ ಚಾವಡಿ. ಮೇಲೆ ಹಂಚು. ಈ ಹಂಚಿನ ಮೇಲೆ ನನಗೆ ಯಾವಾಗಲೂ ಒಂದು ಕಣ್ಣು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅದಕ್ಕಿಂತ ಮುಂಚೆ ಈ ನಮೂನೆಯ ಮಂಗಳೂರು ಹಂಚು ಯಾರ ಮನೆಯ ಮೇಲೂ ಇರಲಿಲ್ಲ. ಆಮೇಲೂ ಅದು ಬಂದದ್ದು ಕೈಯಲ್ಲಿ ಕಾಸಿದ್ದವರ ಮನೆಗೆ. ಒಕ್ಕಲಿನವರ ಮನೆಗೆ ಮುಳಿಹುಲ್ಲೇ. ಮಳೆ ಶುರುವಾಗುವ ಮುಂಚೆ ಹೊಸ ಹುಲ್ಲು ಹೊದಿಸಬೇಕು, ಹೊದಿಸದಿದ್ದರೆ ಒಲೆಯ ಮೇಲೇ ನೀರು. ಮಕ್ಕಳು ಕತ್ತೆತ್ತಿ ಹಂಚು ನೋಡಿ ಬೇಗನೆ ಕತ್ತು ಇಳಿಸಿದರು. ಹಂಚು ಅವರಿಗೆ ಹೊಸದಲ್ಲ.

ಅವರಿಗೆ ಹೊಸದಾಗಿ ಕಂಡದ್ದು ಮುಡಿ. ಬೈಹುಲ್ಲಿನ ದೊಡ್ಡ ಉಂಡೆ, ಸುತ್ತಲೂ ಹುಲ್ಲಿನ ಹಗ್ಗ.

"ಟೀಚರ್, ಇದು ಎಂತ? ಜೇನುಗೂಡಾ?"

ನಾನು ಕೂತು ಹೇಳಿದೆ. ಇದರೊಳಗೆ ಅಕ್ಕಿ. ಬೈಹುಲ್ಲನ್ನು ಹರಡಿ ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲಕ್ಕೆ ಒಟ್ಟು ಮಾಡಿ, ಹಗ್ಗ ಬಿಗಿಯುತ್ತಾ ಬರಬೇಕು. ನಡುನಡುವೆ ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡಬೇಕು. ಸರಿಯಾಗಿ ಕಟ್ಟಿದ ಮುಡಿಯಿಂದ ಒಂದು ಕಾಳು ಹೊರಗೆ ಬೀಳುವುದಿಲ್ಲ, ಮಳೆಗಾಲ ಪೂರ್ತಿ ಅಟ್ಟದಲ್ಲಿಟ್ಟರೂ ಅಕ್ಕಿ ಕೆಡುವುದಿಲ್ಲ. ಲೆಕ್ಕ ಹೀಗೆ: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಅಂದರೆ 42 ಸೇರು. ಗದ್ದೆಯನ್ನೂ ಇಷ್ಟು ಮುಡಿ ಗದ್ದೆ ಅಂತಲೇ ಹೇಳುತ್ತಿದ್ದರು. ಗೇಣಿ ಕೊಡುತ್ತಿದ್ದದ್ದೂ ಮುಡಿಯಲ್ಲಿ. ಗದ್ದೆ ಧಣಿಗಳದ್ದು, ಬೆವರು ಒಕ್ಕಲಿನವರದ್ದು. ಬೆಳೆ ಆದ ಮೇಲೆ ಇಷ್ಟು ಮುಡಿ ಅಂತ ಹೊತ್ತು ತಂದು ಈ ಅಂಗಳದಲ್ಲಿ ಇಳಿಸಬೇಕು.

"ಬೆಳೆ ಬರದಿದ್ದರೆ?" ಒಬ್ಬ ಕೇಳಿದ.

ಮೂಲಗೇಣಿಯಾದರೆ ಸ್ವಲ್ಪ ಧೈರ್ಯ, ಅದು ಕಾಯಂ. ಚಾಲಗೇಣಿಯವರನ್ನು ಬಿಡಿಸಿ ಬೇರೆಯವರಿಗೆ ಕೊಡಬಹುದಿತ್ತು. ನಮ್ಮ ಅಜ್ಜ ಚಾಲಗೇಣಿ. ಅಂಗಳದಲ್ಲಿ ಮುಡಿ ಇಳಿಸಿದ ಮೇಲೆ ಅಜ್ಜಿಗೆ ಬೆಲ್ಲ, ನೀರು ಕೊಡುತ್ತಿದ್ದರಂತೆ. ಧಣಿಗಳು ಒಳ್ಳೆಯವರು ಅಂತಲೇ ಅಜ್ಜಿ ಹೇಳುತ್ತಿದ್ದದ್ದು. ಆದರೆ ಗೇಣಿಯಲ್ಲಿ ಒಂದು ಸೇರೂ ಬಿಡುತ್ತಿರಲಿಲ್ಲ ಅಂತ ಅದೇ ಉಸಿರಿನಲ್ಲಿ ಸೇರಿಸುತ್ತಿದ್ದರು.

ಆಗ ಬೀಡಿ ಕಟ್ಟುವ ಮನೆಯ ಒಬ್ಬಳು ಹುಡುಗಿ, ಕ್ಲಾಸಿನಲ್ಲಿ ಬಾಯಿ ಬಿಡದವಳು, ಕೇಳಿದಳು. "ಟೀಚರ್, ನಿಮ್ಮ ಅಜ್ಜಿ ಇಲ್ಲಿ ಎಲ್ಲಿ ಕೂರ್ತಿದ್ರು?"

ಕೂರುತ್ತಿರಲಿಲ್ಲ, ಅಂಗಳದಲ್ಲಿ ನಿಲ್ಲುತ್ತಿದ್ದರು ಅಂದೆ. ಯಾರು ಚಾವಡಿಯಲ್ಲಿ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ, ಯಾರು ಬೇಲಿಯ ತಡಮೆಯ ಹೊರಗೆ ಅನ್ನುವುದಕ್ಕೆ ಜಾತಿಯ ಲೆಕ್ಕ ಇತ್ತು. ಬಾಯಲ್ಲಿ ಹೇಳಿದರೆ ಇದು ಪಾಠದ ಹಾಗೆಯೇ ಆಗುತ್ತದೆ ಅನ್ನಿಸಿತು. ಹಾಜರಿ ನಂಬರಿನ ಪ್ರಕಾರ ಮಕ್ಕಳನ್ನು ಹಂಚಿದೆ. ಯಾರ ಮನೆ ಯಾವುದು ಅಂತ ನೋಡಲಿಲ್ಲ, ಬೇಕಂತಲೇ. ಸ್ವಲ್ಪ ಜನ ಚಾವಡಿಗೆ, ಸ್ವಲ್ಪ ಜನ ಜಗಲಿಗೆ, ಉಳಿದವರು ಅಂಗಳಕ್ಕೆ, ಕೊನೆಯ ನಾಲ್ಕು ನಂಬರು ಗೇಟಿನ ಹೊರಗೆ. ಜೊತೆಗೆ ಬಂದಿದ್ದ ಪಿ.ಟಿ. ಸರ್ ಹುಬ್ಬೇರಿಸಿದರು. ಸುಮ್ನೆ ನೋಡಿ ಸರ್ ಅಂದೆ.

ಮೊದಲಿಗೆ ಎಲ್ಲರಿಗೂ ನಗು. ಸ್ವಲ್ಪ ಹೊತ್ತಿಗೆ ಚಾವಡಿಯವನೊಬ್ಬ ಕಾಲು ಮೇಲೆ ಕಾಲು ಹಾಕಿ "ಏಯ್, ನೀರು ತಾ" ಅಂದ. ಇನ್ನೊಬ್ಬ ಅಂಗಳದವನನ್ನು ನೋಡಿ "ಜೋರು ಮಾತಾಡ್ಬೇಡ" ಅಂದ. ಯಾರೂ ಹೇಳಿಕೊಟ್ಟದ್ದಲ್ಲ! ಅಂಗಳದವರಿಗೆ ನೆತ್ತಿ ಮೇಲೆ ಬಿಸಿಲು. ಜಗಲಿಯ ಅಂಚಿಗೆ ಒರಗಲು ಹೋದರೆ ಮೇಲಿನವರು "ಟೀಚರ್, ಇವರು ಮೇಲೆ ಬರ್ತಿದ್ದಾರೆ" ಅಂತ ದೂರು. ಗೇಟಿನ ಹೊರಗಿನ ನಾಲ್ವರಿಗೆ ಒಳಗೆ ಏನಾಗುತ್ತಿದೆ ಅಂತಲೇ ಕೇಳಿಸುತ್ತಿರಲಿಲ್ಲ. ಅವರು ಎರಡು ಸಲ "ಟೀಚರ್, ನಾವು ಬರಬಹುದಾ?" ಅಂದರು. ಮೂರನೇ ಸಲ ಕೇಳಲಿಲ್ಲ, ಕಲ್ಲು ಎಸೆದು ಆಟ ಶುರು ಮಾಡಿದರು.

ಎಲ್ಲರನ್ನೂ ಒಳಗೆ ಕರೆದು ಚಾವಡಿಯಲ್ಲೇ ಕೂರಿಸಿದೆ. ಇದೆಲ್ಲ ಯಾವಾಗ ನಿಂತಿತು ಅನ್ನುವ ಪ್ರಶ್ನೆ ಬಂತು. ಕೆಲವು ನಿಂತಿತು, ಕೆಲವು ಇನ್ನೂ ಇದೆ ಅಂದೆ. ಗೇಣಿ ನಿಂತದ್ದಕ್ಕೆ ಮಾತ್ರ ಇಸವಿ ಇದೆ. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನಮ್ಮ ಕಡೆ ಅದಕ್ಕೆ ಭೂಮಸೂದೆ ಅಂತಲೇ ಹೆಸರು. ಉಳುತ್ತಿದ್ದವರು ಗದ್ದೆ ನಮ್ಮ ಹೆಸರಿಗೆ ಆಗಬೇಕು ಅಂತ ಡಿಕ್ಲರೇಶನ್ ಹಾಕಿದರು. ಧಣಿಗಳ ವಿರುದ್ಧ ಕಾಗದ ಕೊಡುವುದಾ ಅಂತ ನಮ್ಮ ಅಜ್ಜನಿಗೆ ಹೆದರಿಕೆ. ಪೇಟೆಯ ಕಡೆಗೆ ಹೊರಟವರು ಅರ್ಧ ದಾರಿಯಿಂದ ವಾಪಸ್ ಬಂದಿದ್ದರಂತೆ. ಮತ್ತೆ ಅಜ್ಜಿಯೇ ನೂಕಿ ಕಳಿಸಿದ್ದು. ಭೂಮಿ ಹೆಸರಿಗೆ ಆದ ಮೇಲೆ ನಮ್ಮ ಮನೆಗೆ ಹಂಚು ಬಂತು.

ಇಷ್ಟು ಹೇಳಿ ನಾನು ಸ್ವಲ್ಪ ಹೆಮ್ಮೆಯಿಂದಲೇ ಮಕ್ಕಳ ಮುಖ ನೋಡಿದೆ. ಒಂದು ಮೂಲೆಯಿಂದ ಸಣ್ಣ ದನಿ.

"ನಮ್ಮ ಅಜ್ಜನ ಭೂಮಿ ಹೋದದ್ದು ಅದರಲ್ಲೇ ಟೀಚರ್."

ಬೆಳಿಗ್ಗೆಯಿಂದ "ನಮ್ಮ ಕುಟುಂಬದ ಮನೆ ಇದಕ್ಕಿಂತ ದೊಡ್ಡದು" ಅಂತ ಗೆಳತಿಯರ ಹತ್ತಿರ ಹೇಳುತ್ತಿದ್ದವಳು. ಅವಳ ಹಾಜರಿ ನಂಬರು ಅವಳನ್ನು ಅಂಗಳದಲ್ಲಿ ನಿಲ್ಲಿಸಿತ್ತು. ಈಗ ಆ ಮನೆಯಲ್ಲಿ ಅಜ್ಜ ಒಬ್ಬರೇ. ದೊಡ್ಡಪ್ಪಂದಿರು ಮುಂಬಯಿಯಲ್ಲಿ, ಮಾಡು ಸೋರುತ್ತದೆ, ವರ್ಷಕ್ಕೊಮ್ಮೆ ಭೂತದ ಕೋಲಕ್ಕೆ ಎಲ್ಲರೂ ಸೇರುತ್ತಾರೆ. ಅವಳ ಅಪ್ಪ ಆಟೋ ಓಡಿಸುತ್ತಾರೆ. ಇಷ್ಟನ್ನು ಅವಳು ಒಂದೇ ಉಸಿರಿಗೆ ಹೇಳಿದಳು.

ಅವಳು ಹೇಳಿದ್ದೂ ನಿಜ. ದೊಡ್ಡ ಧಣಿಗಳ ಜೊತೆ, ಇದ್ದ ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರೂ ಸಣ್ಣಪುಟ್ಟವರೂ ಭೂಮಿ ಕಳೆದುಕೊಂಡಿದ್ದಾರೆ. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತು ಮುಗಿಸಲು ನನಗೆ ಮನಸ್ಸಾಗಲಿಲ್ಲ. ಉಳುವವನಿಗೆ ಭೂಮಿ ಹೋದದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅದನ್ನು ಮಕ್ಕಳ ಮುಂದೆ ಹಾಗೆಯೇ ಹೇಳಿದೆ. ನಿನ್ನ ಅಜ್ಜನ ಹತ್ತಿರ ಕೇಳಿಕೊಂಡು ಬಾ, ಅವರು ಬೇರೆ ಹೇಳಿದರೆ ಅದನ್ನೂ ಕ್ಲಾಸಿನಲ್ಲಿ ಹೇಳಬೇಕು ಅಂದೆ. ಬೀಡಿ ಮನೆಯ ಹುಡುಗಿ ಅವಳ ಪಕ್ಕ ಸರಿದು ಕೂತು ಚೆನ್ನೆಮಣೆ ಎಳೆದುಕೊಂಡಳು. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಕಾಯಿ. ಆಡುವುದು ಹೇಗೆ ಅಂತ ಗೊತ್ತಿದ್ದದ್ದು ಈ ಗುತ್ತಿನ ಮನೆಯವಳಿಗೆ ಮಾತ್ರ. ಅಕ್ಕತಂಗಿ ಆಡಬಾರದು, ತುಳು ಹಾಡುಕತೆಯ ಅವಳಿ ಅಕ್ಕತಂಗಿ ಅಬ್ಬಗ ದಾರಗರಿಗೆ ಈ ಆಟದಲ್ಲೇ ಜಗಳ ಆದದ್ದು ಅಂತಲೂ ಅವಳೇ ಹೇಳಿದಳು.

ಇಂಥ ಗ್ರಾಮಗಳ ಬಗ್ಗೆ ನನಗೆ ಒಂದು ತಕರಾರು ಇದೆ. ಗುತ್ತಿನ ಮನೆ ಕಟ್ಟುತ್ತಾರೆ, ಪಕ್ಕದಲ್ಲಿ ಕುಂಬಾರ, ಕಮ್ಮಾರ ಎಲ್ಲ ಬರುತ್ತಾರೆ. ಗದ್ದೆಯಲ್ಲಿ ದುಡಿದವನ ಮುಳಿಹುಲ್ಲಿನ ಮನೆ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಚಾವಡಿಯ ಎದುರಿಗೇ ಅಂಥದ್ದೊಂದು ಮನೆ ಇದ್ದು, ಒಳಗೆ ಬಗ್ಗಿಯೇ ಹೋಗಬೇಕು ಅಂತಿದ್ದರೆ ನನಗೆ ಇಷ್ಟು ಮಾತಾಡುವ ಕೆಲಸವೇ ಇರುತ್ತಿರಲಿಲ್ಲ.

ಮಧ್ಯಾಹ್ನ ಮರದ ಕೆಳಗೆ ಪುಳಿಯೋಗರೆ, ಮೊಸರನ್ನ. ಆಮೇಲೆ ಹುಲಿ. ಹುಲಿ ಮಲಗಿತ್ತು, ಆದರೂ ಅದಕ್ಕೇ ಚಪ್ಪಾಳೆ.

ಮರುದಿನ ಪ್ರವಾಸದ ಬಗ್ಗೆ ಬರೆಯಲು ಕೊಟ್ಟರೆ ಹೆಚ್ಚಿನವರು ಹುಲಿಯನ್ನೇ ಬರೆದರು. ಕುಷ್ಟಗಿಯ ಹುಡುಗ ಕುಂಬಾರರ ಬಗ್ಗೆ ಎರಡು ಪುಟ ಬರೆದು, ಇಲ್ಲಿನ ಗಡಿಗೆಗೆ ಬಾಯಿ ಜಾಸ್ತಿ ಅಗಲ, ಅದು ಮೀನಿನ ಸಾರಿಗೆ ಇರಬೇಕು ಅಂತ ಸೇರಿಸಿದ್ದ. ಗೇಟಿನ ಹೊರಗೆ ನಿಂತಿದ್ದ ಒಬ್ಬ, ಹೊರಗೆ ಬೋರ್ ಆಯಿತು, ಹಾಗಾಗಿ ಒಳಗಿನದ್ದು ನನಗೆ ಗೊತ್ತಿಲ್ಲ ಅಂತ ಒಂದೇ ಸಾಲು ಬರೆದಿದ್ದ. ಅವನಿಗೆ ಪೂರ್ತಿ ಮಾರ್ಕು ಕೊಟ್ಟೆ.

ಗುತ್ತಿನ ಮನೆಯ ಹುಡುಗಿಯ ಅಮ್ಮ ಫೋನ್ ಮಾಡಿ, "ಮಕ್ಕಳಿಗೆ ಇದೆಲ್ಲ ಈಗ ಯಾಕೆ ಟೀಚರ್?" ಅಂದರು. ಬೇಜಾರು ಇತ್ತು, ಜಗಳ ಇರಲಿಲ್ಲ. ಅಜ್ಜನದ್ದು ಬೇರೆಯೇ ಮಾತು. ಗೇಣಿಯ ಲೆಕ್ಕದ ಪುಸ್ತಕ ಅಟ್ಟದಲ್ಲಿ ಉಂಟು, ಯಾವ ಒಕ್ಕಲು ಎಷ್ಟು ಮುಡಿ ಅಂತ ಎಲ್ಲ ಬರೆದುಂಟು, ಬೇಕಾದರೆ ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ ಮೊಮ್ಮಗಳ ಹತ್ತಿರ ಹೇಳಿ ಕಳಿಸಿದ್ದಾರೆ. ಹೆಡ್‌ಮಾಸ್ಟ್ರಿಗೆ ಹೇಳಿದೆ. ಮತ್ತೆ ಬಸ್ಸಿಗೆ ದುಡ್ಡು ಎಲ್ಲಿಂದ ಅಂದರು. ಬೇಡ ಸರ್, ಸರ್ವಿಸ್ ಬಸ್ಸಲ್ಲೇ ಹೋಗಬಹುದು, ಶನಿವಾರ ಮಧ್ಯಾಹ್ನ ಸಾಕು ಅಂದೆ. ಹುಲಿ ಇಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳಿ ಅಂದರು.