ಹೊಕ್ಕುಳಲ್ಲಿ ಎರಡು ಲೈನ್

28 ವಾರಕ್ಕೇ ಹುಟ್ಟಿದ ಮಗು, ತೂಕ 1.2 ಕೆ.ಜಿ., ವೆಂಟಿಲೇಟರ್ ಮೇಲಿತ್ತು. ಮೇಲಿಂದ ಮೇಲೆ ರಕ್ತದ ಗ್ಯಾಸ್ (ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಪ್ರಮಾಣ) ನೋಡಬೇಕು, ಬಿ.ಪಿ. ಮೇಲೆ ಸದಾ ಕಣ್ಣಿರಬೇಕು. ಹೊಕ್ಕುಳಿನಿಂದಲೇ ಆರ್ಟರಿಗೊಂದು (ಅಪಧಮನಿ), ವೇನ್‌ಗೊಂದು (ಅಭಿಧಮನಿ) ಲೈನ್, ಅಂದರೆ ತೆಳು ನಳಿಕೆ, ಹಾಕುವುದೆಂದಾಯಿತು.

ಮೊದಲು, ಲೈನ್ ಎಷ್ಟು ಒಳಗೆ ಹೋಗಬೇಕೆಂಬ ಲೆಕ್ಕ. ತೂಕದ ಮೂರು ಪಟ್ಟಿಗೆ 9 ಕೂಡಿಸಿದರೆ ಆರ್ಟರಿಗೆ 12.6 ಸೆಂ.ಮೀ.; ಅದರರ್ಧಕ್ಕೆ 1 ಸೇರಿಸಿದರೆ ವೇನ್‌ಗೆ 7.3. ಹೊಕ್ಕುಳ ಬಳ್ಳಿಯ ಮೋಟಿನ ಉದ್ದವನ್ನೂ ಸೇರಿಸಬೇಕು. ಇಲ್ಲದಿದ್ದರೆ ತುದಿ ಕೆಳಗೇ ಉಳಿಯುತ್ತದೆ. 3.5 ಫ್ರೆಂಚ್ (ನಳಿಕೆಯ ದಪ್ಪದ ಅಳತೆ) ಕ್ಯಾತಿಟರಿಗೆ, ಅಂದರೆ ಲೈನಿನ ನಳಿಕೆಗೆ, ತ್ರೀವೇ (ಮೂರು ದಾರಿಯ ತಿರುಗಣೆ) ಜೋಡಿಸಿ, ಸಲೈನ್ ತುಂಬಿ, ಒಂದೂ ಗುಳ್ಳೆಯಿಲ್ಲವೆಂದು ಬೆಳಕಿಗೆ ಹಿಡಿದು ನೋಡಿಕೊಂಡೆವು.

ಬುಡಕ್ಕೆ ಟೇಪ್ ಸಡಿಲವಾಗಿ ಕಟ್ಟಿ, ಚರ್ಮದಿಂದ 1 ಸೆಂ.ಮೀ. ಮೇಲೆ ಬಳ್ಳಿ ಕತ್ತರಿಸಿದಾಗ ಮೂರು ಬಾಯಿ ಕಂಡವು. ತೆಳು ಗೋಡೆಯ, ಅಗಲವಾಗಿ ತೆರೆದದ್ದು ವೇನ್. ಬೆಳ್ಳಗೆ, ದಪ್ಪ ಗೋಡೆಯ, ಬಿಗಿದು ಮುಚ್ಚಿಕೊಂಡ ಎರಡು ಆರ್ಟರಿ. ಐರಿಸ್ ಫೋರ್ಸೆಪ್ಸ್‌ನ (ಸಣ್ಣ ತುದಿಯ ಚಿಮುಟ) ತುದಿಯನ್ನು ಆರ್ಟರಿಯ ಬಾಯಿಗಿಟ್ಟು, ಮೆಲ್ಲಗೆ ಅಗಲಿಸಿ, ಹಾಗೇ ಹಿಡಿದಿರಬೇಕು. ಹೆಚ್ಚು ಹೊತ್ತು ಹಿಡಿಯುವುದು ಇಲ್ಲೇ. ಆ ಹೊತ್ತು ಕೊಡಲೇಬೇಕು.

5 ಸೆಂ.ಮೀ. ಹತ್ತಿರ ಕ್ಯಾತಿಟರ್ ತಡೆಯಿತು. ಕೆಳಗಿಳಿಯುತ್ತಿದ್ದ ಆರ್ಟರಿ ಇಲ್ಲಿ ತಿರುವು ಪಡೆದು ಸೊಂಟದ ಇಲಿಯಾಕ್ ಆರ್ಟರಿ ಸೇರುತ್ತದೆ. ಬಲವಂತಕ್ಕೆ ತಳ್ಳಿದರೆ ಗೋಡೆ ತೂತಾಗಿ ಸುಳ್ಳು ದಾರಿಯಾಗುತ್ತದೆ. ಮೋಟನ್ನು ಮಗುವಿನ ತಲೆಯ ಕಡೆಗೆ ಎಳೆದು ಹಿಡಿದು, ಹಗುರ ಒತ್ತಡದಲ್ಲೇ ಕಾದೆವು. ಸ್ಪಾಸಂ (ರಕ್ತನಾಳದ ಬಿಗಿತ) ಬಿಟ್ಟು ಒಳಗೆ ಜಾರಿತು.

ಎಕ್ಸ್‌ರೇ ಆಗುವವರೆಗೂ ಸ್ಟೆರೈಲ್ (ಕ್ರಿಮಿರಹಿತ) ಬಟ್ಟೆ ತೆಗೆಯಲಿಲ್ಲ. ತೆಗೆದ ಮೇಲೆ ಲೈನನ್ನು ಹೊರಕ್ಕೆ ಎಳೆಯಬಹುದೇ ಹೊರತು ಒಳಕ್ಕೆ ತಳ್ಳುವಂತಿಲ್ಲ. ಆರ್ಟರಿಯ ಲೈನ್ ಕೆಳಗಿಳಿದು, ತಿರುಗಿ, ಬೆನ್ನುಮೂಳೆಯ ಎಡಕ್ಕೆ ಏರಿ ಟಿ7ರಲ್ಲಿ (ಎದೆಭಾಗದ ಏಳನೇ ಬೆನ್ನೆಲುಬು) ನಿಂತಿತ್ತು. ಟಿ6ರಿಂದ ಟಿ9 ಸರಿಯಾದ ಜಾಗ. ವೇನ್‌ನದು ಲಿವರ್ ಕಡೆ ಹೊರಳಿತ್ತು. ಹಾಗೇ ಬಿಟ್ಟು ಗಾಢ ಗ್ಲೂಕೋಸ್ ಓಡಿಸಿದರೆ ಲಿವರೊಳಗೇ ಸೋರಿ ಅಂಗಾಂಶ ಸಾಯುತ್ತದೆ. ಹಿಂದಕ್ಕೆಳೆದು ಮತ್ತೆ ಹಾಕಿದಾಗ ತುದಿ ವಪೆಯ (ಎದೆ, ಹೊಟ್ಟೆಯ ನಡುವಿನ ಸ್ನಾಯುಪರದೆ) ತುಸು ಮೇಲೆ ಕೂತಿತು. ಇನ್ನೂ ಮೇಲೆ ಹೋಗಿ ಹೃದಯದೊಳಗೆ ಸೇರಿದರೆ ಬಡಿತ ತಪ್ಪುತ್ತದೆ. ಗೋಡೆ ತೂತಾಗಿ ಹೃದಯದ ಸುತ್ತ ದ್ರವ ತುಂಬುವುದೂ ಉಂಟು.

ಆರ್ಟರಿಗೆ ಮಿ.ಲೀ.ಗೆ 0.5 ಯೂನಿಟ್ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ಬೆರೆಸಿದ ದ್ರವ ಶುರುಮಾಡಿದೆವು. ರಾತ್ರಿ ಬಲಗಾಲಿನ ಬೆರಳುಗಳು ನೀಲಿಗಟ್ಟಿದವು. ಎಡಗಾಲಿಗೆ ಬೆಚ್ಚಗಿನ ಬಟ್ಟೆ ಸುತ್ತಿದೆವು. ಅದರಿಂದ ಬಲಗಾಲಿನ ರಕ್ತನಾಳವೂ ಸಡಿಲಗೊಳ್ಳಬಹುದು. ನೀಲಿಯಾದ ಕಾಲಿಗೇ ಬಿಸಿ ಕೊಟ್ಟರೆ ರಕ್ತ ಸಾಲದ ಚರ್ಮ ಸುಡುತ್ತದೆ. ಸ್ವಲ್ಪ ಹೊತ್ತಿಗೆ ಬಣ್ಣ ಮರಳಿತು. ಮರಳದಿದ್ದರೆ, ಅಥವಾ ಕಾಲು ಬಿಳಿಚಿಕೊಂಡರೆ, ಲೈನ್ ತೆಗೆಯಲೇಬೇಕು, ಎಷ್ಟೇ ಕಷ್ಟಪಟ್ಟು ಹಾಕಿದ್ದರೂ.

ಈ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 100 ಮಿ.ಲೀ. ತ್ರೀವೇ ಒಂದು ಸಡಿಲಾದರೂ ಪ್ರಾಣಕ್ಕೇ ಕುತ್ತು. ಕಾಲು, ಹೊಕ್ಕುಳು, ಜೋಡಣೆ ಯಾವುದನ್ನೂ ಹೊದಿಕೆಯಿಂದ ಮುಚ್ಚಬೇಡಿ.