ಸ್ಪ್ರಿಂಗ್ ರೈಫಲೋ ಪಿಸಿಪಿಯೋ: ರೇಂಜಿನ ರಿಪೇರಿ ಮೇಜು ಕಲಿಸಿದ್ದು

ಮಕ್ಕಳನ್ನು ಶೂಟಿಂಗಿಗೆ ಸೇರಿಸಲು ಬರುವ ತಂದೆತಾಯಿ ಮೊದಲು ಕೇಳುವುದು, "ಯಾವುದು ಕೆಡಲ್ಲ ಸರ್, ಅದನ್ನ ಹೇಳಿ" ಅಂತ. ಗಾಳಿಯ ಬಲದಿಂದ ಪೆಲೆಟ್ ಎಂಬ ಸಣ್ಣ ಗುಂಡು ಹಾರಿಸುವ ಏರ್ ರೈಫಲ್‌ನಲ್ಲಿ ಇಲ್ಲಿ ಹೇಳುವುದು ಎರಡು ಬಗೆ: ಸ್ಪ್ರಿಂಗ್‌ನಿಂದ ಆ ಕ್ಷಣಕ್ಕೆ ಗಾಳಿ ಹಿಂಡುವ ಸ್ಪ್ರಿಂಗ್ ರೈಫಲ್, ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ (ಪ್ರೀ-ಚಾರ್ಜ್ಡ್ ನ್ಯೂಮ್ಯಾಟಿಕ್). ಎರಡೂ ಕೆಡುತ್ತವೆ, ಕೆಡುವ ರೀತಿ ಬೇರೆ. ಸ್ಪ್ರಿಂಗ್ ರೈಫಲ್ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಸೋಲುತ್ತದೆ, ಸೋಲುತ್ತಲೇ ಪೆಲೆಟ್ ಹಾರಿಸುತ್ತದೆ. ಪಿಸಿಪಿ ನಿನ್ನೆ ಸಂಜೆಯವರೆಗೆ ಒಂದೇ ತೂತಿಗೆ ಹೊಡೆದು, ಬೆಳಿಗ್ಗೆ ಗಾಳಿಯ ಒತ್ತಡದ ಗೇಜ್ ಸೊನ್ನೆಗೆ ಇಳಿಸಿಕೊಂಡು ಕೂತಿರುತ್ತದೆ. ಯಾವುದನ್ನು ನಂಬಬಹುದು ಅನ್ನುವುದು ರೈಫಲ್‌ಗಿಂತ ಹೆಚ್ಚಾಗಿ ನಿಮ್ಮೂರಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಅದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ಸ್ಪ್ರಿಂಗ್ ರೈಫಲ್‌ನಲ್ಲಿ ಬ್ಯಾರೆಲ್ ಮಡಚಿದಾಗ ಅಥವಾ ಲಿವರ್ ಎಳೆದಾಗ ಸ್ಪ್ರಿಂಗ್ ಕುಗ್ಗಿ ಪಿಸ್ಟನ್ ಹಿಂದೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಪಿಸ್ಟನ್ ಮುಂದೆ ನುಗ್ಗಿ ಎದುರಿನ ಗಾಳಿಯನ್ನು ಹಿಂಡುತ್ತದೆ, ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಪಿಸ್ಟನ್ ಹೊರಟಾಗ ರೈಫಲ್ ಹಿಂದಕ್ಕೆ ಜಗ್ಗುತ್ತದೆ, ಪಿಸ್ಟನ್ ತುದಿಯಲ್ಲಿ ತಡೆದು ನಿಂತಾಗ ಮುಂದಕ್ಕೆ ಎಗರುತ್ತದೆ. ಈ ಎರಡು ಕಡೆಯ ಪೆಟ್ಟು ಶುರುವಾಗುವುದು ಪೆಲೆಟ್ ಇನ್ನೂ ಬ್ಯಾರೆಲ್‌ನೊಳಗೆ ಇರುವಾಗಲೇ. ಮುಂದಿನ ಕೈ ಬಿಗಿಯಾಗಿ ಹಿಡಿದರೆ ಗ್ರೂಪ್ (ಪೆಲೆಟ್ ಬಿದ್ದ ತೂತುಗಳ ಗುಂಪು) ಒಂದು ಕಡೆ, ಸಡಿಲ ಹಿಡಿದರೆ ಇನ್ನೊಂದು ಕಡೆ ಹೋಗುವುದು ಇದರಿಂದಲೇ. ಬುಲೆಟ್ ರೈಫಲ್‌ಗೆಂದು ಮಾಡಿದ ದುಬಾರಿ ಸ್ಕೋಪ್ ಸ್ಪ್ರಿಂಗ್ ರೈಫಲ್ ಮೇಲೆ ಕೂತು ಒಳಗಿನ ಗೆರೆ ಕಳಚಿಕೊಳ್ಳುವುದೂ ಮುಂದಕ್ಕೆ ಬರುವ ಆ ಎರಡನೇ ಪೆಟ್ಟಿನಿಂದ. ಏರ್ ರೈಫಲ್‌ಗೆಂದೇ ಮಾಡಿದ ಸ್ಕೋಪ್ ಕೊಳ್ಳಿ, ಅದನ್ನು ಕೂರಿಸುವ ಮೌಂಟ್ ಜಾರದಂತೆ ಸ್ಟಾಪ್ ಪಿನ್ ಇರಲಿ.

"ನೆನ್ನೆವರೆಗೂ ಚೆನ್ನಾಗಿತ್ತು, ಈಗ ಚೆಲ್ಲಾಪಿಲ್ಲಿ ಹೊಡೀತಿದೆ" ಅಂತ ಸ್ಪ್ರಿಂಗ್ ರೈಫಲ್ ಮೇಜಿಗೆ ಬಂದರೆ ಬಿಚ್ಚಲು ಹೋಗಬೇಡಿ. ಮೊದಲು ಸ್ಟಾಕ್‌ನ (ಭುಜಕ್ಕೆ ಆನಿಸುವ ಹಿಡಿಯ) ಸ್ಕ್ರೂ ನೋಡಿ: ಮುಂಭಾಗದ ಎರಡೂ ಬದಿಯವು, ಟ್ರಿಗರ್ ಗಾರ್ಡ್ ಹತ್ತಿರದ್ದು. ಅರ್ಧ ಸುತ್ತು ಸಡಿಲವಾಗಿದ್ದರೂ ಸಾಕು, ಗ್ರೂಪ್ ದುಪ್ಪಟ್ಟಾಗುತ್ತದೆ. ನಾವು ಕಂಡ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ. ಆಮೇಲೆ ಮೌಂಟ್, ಆಮೇಲೆ ಪೆಲೆಟ್ ಬದಲಾಗಿದೆಯೇ ಅನ್ನುವುದು. ನಂತರ ಬ್ರೀಚ್ ಸೀಲ್, ಅಂದರೆ ಬ್ಯಾರೆಲ್‌ನ ಹಿಂಬದಿಯಲ್ಲಿ ಗಾಳಿ ಸೋರದಂತೆ ತಡೆಯುವ ಬಳೆ. ಬ್ಯಾರೆಲ್ ಕೂಡುವ ಜಾಗದ ಮೇಲೆ ಬೆರಳಗಲದ ಟಿಶ್ಯೂ ಚೂರಿಟ್ಟು, ಪೆಲೆಟ್ ಹಾಕಿ ಟಾರ್ಗೆಟ್ಟಿಗೆ ಹೊಡೆಯಿರಿ. ಚೂರು ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ. ಸೀಲ್ ಬದಲಿಸಬೇಕು, ಇಲ್ಲವೇ ಅದರ ಅಡಿಗೆ ತೆಳು ಶಿಮ್ (ಬಿಲ್ಲೆ) ಕೊಡಬೇಕು.

ಇಷ್ಟಾದರೂ ವೇಗ ಕಡಿಮೆಯೆಂದರೆ ಮಾತ್ರ ಸ್ಪ್ರಿಂಗ್, ಪಿಸ್ಟನ್ ಸೀಲ್ ಸರದಿ. ಪೆಲೆಟ್‌ನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಈ ಮಾತು ಆಡಲೇಬಾರದು. 0.55 ಗ್ರಾಂ ಪೆಲೆಟ್ ಸೆಕೆಂಡಿಗೆ 240 ಮೀಟರ್ ಹೋದರೆ ಅದರ ಶಕ್ತಿ ಸುಮಾರು 16 ಜೂಲ್, 200 ಮೀಟರ್‌ಗೆ ಇಳಿದರೆ ಬರೀ 11 ಜೂಲ್. ಬಿಚ್ಚುವಾಗ ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಕಡ್ಡಾಯ. ಕಾಕ್ ಮಾಡದೆ (ಸ್ಪ್ರಿಂಗ್ ಕುಗ್ಗಿಸಿ ಸಿಕ್ಕಿಸದೆ) ಸುಮ್ಮನೆ ಇಟ್ಟಾಗಲೂ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಹಿಂದಿನ ಪಿನ್ ತೆಗೆದ ಕ್ಷಣ ಬ್ಲಾಕ್ ಎದೆಗೋ ಮುಖಕ್ಕೋ ಚಿಮ್ಮುತ್ತದೆ.

ಸ್ಪ್ರಿಂಗ್ ರೈಫಲ್‌ಗಳನ್ನು ಅತಿ ಹೆಚ್ಚು ಕೆಡಿಸಿರುವುದು ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಗಾಳಿ ಬರುವ ತೂತಿಗೆ ಎರಡು ಹನಿ ಬಿಟ್ಟರೆ ಮೃದುವಾಗುತ್ತದೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಪಿಸ್ಟನ್ ಗಾಳಿಯನ್ನು ಹಿಂಡುವಾಗ ಏಳುವ ಬಿಸಿಗೆ ಆ ಎಣ್ಣೆ ಡೀಸೆಲ್ ಎಂಜಿನ್‌ನಲ್ಲಿ ಹೊತ್ತಿಕೊಂಡ ಹಾಗೆ ಹೊತ್ತಿಕೊಳ್ಳುತ್ತದೆ. ಪಟಾಕಿಯಂಥ ಸದ್ದು, ಹೊಗೆ, ಸುಟ್ಟ ವಾಸನೆ. ವೇಗ ಏರಿತೆಂದು ಖುಷಿಪಡುವಷ್ಟರಲ್ಲಿ ಸೀಲ್ ಸುಟ್ಟು ಸ್ಪ್ರಿಂಗ್ ಮುರಿದಿರುತ್ತದೆ. ಸರಿಯಾದ ಪ್ರಮಾಣ ಹೀಗೆ: ಪಿಸ್ಟನ್‌ನ ಹಿಂದಿನ ಅಂಚಿಗೆ ಬೆಂಕಿಕಡ್ಡಿ ತಲೆಯಷ್ಟು ಮಾಲಿಬ್ಡಿನಂ ಪೇಸ್ಟ್, ಸ್ಪ್ರಿಂಗ್‌ಗೆ ಕೈಗೆ ಅಂಟಿದೆಯೋ ಇಲ್ಲವೋ ಅನ್ನುವಷ್ಟು ತೆಳು ಗ್ರೀಸ್, ಸೀಲ್‌ನ ಮುಂದೆ ಏನೂ ಬೇಡ. ಹಳೆಯ ಚರ್ಮದ ಸೀಲ್ ಮಾತ್ರ ಒಣಗಬಾರದು, ಅದಕ್ಕೆ ಆಗೀಗ ಒಂದು ಹನಿ ಸಿಲಿಕೋನ್ ಎಣ್ಣೆ. ಪೆಲೆಟ್ ಇಲ್ಲದೆ ಬರಿದೇ ಟ್ರಿಗರ್ ಒತ್ತಬೇಡಿ. ಎದುರು ತಡೆಯುವ ಗಾಳಿಯಿಲ್ಲದೆ ಪಿಸ್ಟನ್ ನೇರ ಲೋಹಕ್ಕೆ ಬಡಿಯುತ್ತದೆ. ಕಾಕ್ ಮಾಡಿಟ್ಟು ಊಟಕ್ಕೂ ಹೋಗಬೇಡಿ.

ಪಿಸಿಪಿಯ ಕಥೆ ಬೇರೆ. ಗಾಳಿ ಮೊದಲೇ ಸಿಲಿಂಡರ್‌ನಲ್ಲಿ ತುಂಬಿರುತ್ತದೆ, ಸ್ಪರ್ಧೆಗೆಂದು ಮಾಡಿದ ಮ್ಯಾಚ್ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 200 ಬಾರ್, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು. ಒಳಗಿನ ಸುತ್ತಿಗೆ ವಾಲ್ವನ್ನು ತಟ್ಟಿದಾಗ ಅಳತೆಯ ಗಾಳಿ ಹೊರಬರುತ್ತದೆ. ಜಗ್ಗಾಟ ಇಲ್ಲವೆನ್ನುವಷ್ಟು ಕಡಿಮೆ. 10 ಮೀಟರ್ ಸ್ಪರ್ಧೆಯಲ್ಲಿ 60 ಪೆಲೆಟ್, 75 ನಿಮಿಷ, ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅಲ್ಲಿ ಇದನ್ನು ಬಿಟ್ಟು ಬೇರೆ ಯೋಚಿಸುವ ಹಾಗೇ ಇಲ್ಲ.

ಆದರೆ ಪಿಸಿಪಿ ಕೊಂಡವರು ರೈಫಲ್ ಜೊತೆ ಒಂದು ಗಾಳಿ ವ್ಯವಸ್ಥೆಯನ್ನೂ ಕೊಂಡಂತೆ, ಅದನ್ನು ಅಂಗಡಿಯವರು ಒತ್ತಿ ಹೇಳುವುದಿಲ್ಲ. ಲೆಕ್ಕ ಸರಳ. 0.2 ಲೀಟರ್ ಸಿಲಿಂಡರನ್ನು 150ರಿಂದ 200 ಬಾರ್‌ಗೆ ಏರಿಸಲು ಹೊರಗಿನ 10 ಲೀಟರ್ ಗಾಳಿ ಬೇಕು. ಕೈಪಂಪಿನಲ್ಲಿ ಇದು ದೊಡ್ಡವರಿಗೆ ಬೆವರಿನ ಕೆಲಸ, ಹದಿಮೂರರ ಹುಡುಗಿಗೆ ಆಗದ ಕೆಲಸ. 10 ಲೀಟರ್ ಟ್ಯಾಂಕ್ ಇದ್ದರೆ ಸಲೀಸು, ಆದರೆ 100 ಬಾರ್‌ಗೆ ಇಳಿದ ರೈಫಲನ್ನು ತುಂಬಿದಾಗಲೆಲ್ಲ ಟ್ಯಾಂಕ್ ಹೆಚ್ಚುಕಡಿಮೆ 2 ಬಾರ್ ಇಳಿಯುತ್ತದೆ. 200 ಬಾರ್ ಟ್ಯಾಂಕ್ ಆದರೆ ಮೊದಲ ರೈಫಲ್ಲಿಗೇ ಪೂರ್ತಿ 200 ಸಿಗುವುದಿಲ್ಲ. ಅದಕ್ಕೇ ಕ್ಲಬ್ಬಿಗೆ 300 ಬಾರ್ ಟ್ಯಾಂಕ್ ಒಳ್ಳೆಯದು, ರೈಫಲ್‌ಗೆ ಬಿಡುವಾಗ ಕಣ್ಣು ಮಾತ್ರ ಗೇಜ್ ಮೇಲಿರಲಿ.

ಇನ್ನು ನೀರು. ಮಂಗಳೂರು, ಉಡುಪಿ ಕಡೆಯವರು ಇದನ್ನು ಎರಡು ಸಲ ಓದಿ. 30 ಡಿಗ್ರಿ ಸೆಖೆಯಲ್ಲಿ, 80 ಶೇಕಡಾ ತೇವಾಂಶದಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿರುತ್ತದೆ. 10 ಲೀಟರ್ ಟ್ಯಾಂಕನ್ನು ಖಾಲಿಯಿಂದ 200 ಬಾರ್‌ಗೆ ತುಂಬಿದರೆ 2 ಘನ ಮೀಟರ್ ಗಾಳಿ, ಅಂದರೆ 48 ಗ್ರಾಂ, ಒಂದು ಸಣ್ಣ ಲೋಟದಷ್ಟು ನೀರು. ಅಷ್ಟು ಒತ್ತಡದಲ್ಲಿ ಅದು ಆವಿಯಾಗಿ ಉಳಿಯುವುದಿಲ್ಲ, ಹನಿಯಾಗಿ ಇಳಿಯುತ್ತದೆ. ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್‌ನ ಡ್ರೈನ್ ವಾಲ್ವ್ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಿಡಲಿಲ್ಲವೆಂದರೆ, ಫಿಲ್ಟರ್‌ನ ತೇವ ಹೀರುವ ಹರಳು ಬದಲಿಸಲಿಲ್ಲವೆಂದರೆ, ಈ ನೀರು ರೈಫಲ್ ಒಳಗೆ ಹೋಗಿ ಒತ್ತಡವನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟರ್‌ಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕ್ ತುಂಬಿದ ಮೇಲೆ ವಾಲ್ವ್ ಅರೆಕ್ಷಣ ತೆರೆದು ಬಿಳಿ ಬಟ್ಟೆಗೆ ಗಾಳಿ ಬಿಡಿ. ಬಟ್ಟೆ ಒದ್ದೆಯಾದರೆ ಆ ಗಾಳಿ ರೈಫಲ್‌ಗೆ ಬೇಡ.

ಸೋರಿಕೆ ಹುಡುಕುವ ಕ್ರಮವೂ ಇದೆ. ತುಂಬಿದ ಒಂದು ಗಂಟೆಗೆ ಗೇಜ್ 200ರಿಂದ 188ಕ್ಕೆ ಇಳಿದರೆ ಗಾಬರಿ ಬೇಡ. ಬೇಗ ತುಂಬಿದಾಗ ಗಾಳಿ ಬಿಸಿಯಾಗುತ್ತದೆ. 50 ಡಿಗ್ರಿಯಲ್ಲಿ 200 ಇದ್ದದ್ದು 30 ಡಿಗ್ರಿಗೆ ಆರಿದಾಗ 188 ಆಗಲೇಬೇಕು. ನಿಧಾನಕ್ಕೆ ತುಂಬಿ, ಆರಿದ ಮೇಲೆ ಗೇಜ್ ಓದಿ, ಚೀಟಿಯಲ್ಲಿ ತಾರೀಕು ಬರೆದು ಅಂಟಿಸಿ. ಮರುದಿನ ಅದೇ ಹೊತ್ತಿಗೆ ಇನ್ನೂ ಇಳಿದಿದ್ದರೆ ಅದು ಸೋರಿಕೆ. ಒಂದೇ ಮಾದರಿಯ ಎರಡು ರೈಫಲ್ ಇದ್ದರೆ ಸಿಲಿಂಡರ್ ಅದಲುಬದಲು ಮಾಡಿ. ರೋಗ ಸಿಲಿಂಡರ್ ಜೊತೆ ಹೋಯಿತೋ ರೈಫಲ್‌ನಲ್ಲೇ ಉಳಿಯಿತೋ ಗೊತ್ತಾಗುತ್ತದೆ. ರೈಫಲ್‌ನಲ್ಲೇ ಎಂದಾದರೆ, ಪೆಲೆಟ್ ಇಲ್ಲವೆಂದು ಖಚಿತ ಮಾಡಿಕೊಂಡು ಬ್ಯಾರೆಲ್ ಬಾಯಿಗೆ ಬಲೂನ್ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಉಬ್ಬಿದ್ದರೆ ವಾಲ್ವ್ ಸೀಟ್ ಹೋಗಿದೆ. ಉಬ್ಬದಿದ್ದರೆ ತುಂಬುವ ಬಾಯಿ, ಗೇಜ್ ಬುಡ, ರೆಗ್ಯುಲೇಟರ್‌ನ ಸಣ್ಣ ತೂತು, ಇಲ್ಲೆಲ್ಲ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಗಾಳಿ ಪೂರ್ತಿ ಬಿಟ್ಟ ಮೇಲೆ ಮಾತ್ರ ಸ್ಪ್ಯಾನರ್ ಮುಟ್ಟಿ.

ಹೆಚ್ಚಿನ ಸಲ ತಪ್ಪಿತಸ್ಥ ಕೆಲವೇ ರೂಪಾಯಿಯ ಓ-ರಿಂಗ್, ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ಗ್ರೀಸ್ ಇಲ್ಲದೆ ಒಣಗಿದ್ದನ್ನೇ ಸ್ಕ್ರೂ ಮರೆಯ (ಥ್ರೆಡ್‌ನ) ಮೇಲೆ ತುರುಕಿದಾಗ ಕೂದಲೆಳೆಯಷ್ಟು ಗೀರು ಬೀಳುತ್ತದೆ, ಬರಿಗಣ್ಣಿಗೆ ಕಾಣದು, ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಸಿಲಿಕೋನ್ ಗ್ರೀಸ್ ಸವರಿ ಹಾಕಿ, ಪೆಟ್ರೋಲಿಯಂ ಗ್ರೀಸ್ ಬೇಡವೇ ಬೇಡ, ಅಧಿಕ ಒತ್ತಡದ ಗಾಳಿಯಲ್ಲಿ ಅದೂ ಹೊತ್ತಿಕೊಳ್ಳಬಲ್ಲದು. ಆಮ್ಲಜನಕದ ಸಿಲಿಂಡರ್‌ನಿಂದ ತುಂಬುವುದಂತೂ ಪ್ರಾಣಕ್ಕೆ ಕುತ್ತು. ಬಿಡುವಿಲ್ಲದೆ ಹೊಡೆದಾಗ ಸರಿಯಿದ್ದು, ಅರ್ಧ ಗಂಟೆ ಬಿಟ್ಟು ಹೊಡೆದ ಮೊದಲ ಪೆಲೆಟ್ ಮಾತ್ರ ಬೇರೆ ಕಡೆ ಬಿದ್ದರೆ ರೆಗ್ಯುಲೇಟರ್ ಸೀಟಿನಲ್ಲಿ ಕಸ ಕೂತಿದೆ, ಇಲ್ಲವೇ ಅದು ಸವೆದಿದೆ.

ಹೊಡೆಯುವ ಸುಖದ ವಿಷಯಕ್ಕೆ ಬಂದರೆ ನಮ್ಮ ಒಲವು ಮುಚ್ಚಿಡುವುದಿಲ್ಲ. ಸ್ಪ್ರಿಂಗ್ ರೈಫಲ್‌ನಲ್ಲಿ ಒಳ್ಳೆಯ ಗ್ರೂಪ್ ಬಿದ್ದರೆ ಅದು ಪೂರ್ತಿ ನಿಮ್ಮದು. ಟ್ರಿಗರ್ ಒತ್ತಿದ ಮೇಲೂ ಗುರಿ ಬಿಡದೆ ಹಿಡಿಯುವ ಅಭ್ಯಾಸವನ್ನು ಅದರಷ್ಟು ಚೆನ್ನಾಗಿ ಬೇರೆ ಯಾವ ರೈಫಲ್ಲೂ ಕಲಿಸುವುದಿಲ್ಲ. ಜರ್ಮನಿಯ ಫೈನ್‌ವೆರ್ಕ್‌ಬೌ 300 ಎಸ್ ಕೈಗೆ ಸಿಕ್ಕರೆ ಒಮ್ಮೆ ಹೊಡೆದು ನೋಡಿ. ಸ್ಪ್ರಿಂಗ್ ರೈಫಲ್ಲೇ, ಆದರೆ ಬ್ಯಾರೆಲ್ ಸಮೇತ ಇಡೀ ಯಂತ್ರ ಸ್ಟಾಕ್‌ನೊಳಗೆ ಹಳಿಯ ಮೇಲೆ ಹಿಂದೆ ಜಾರುವುದರಿಂದ ಪೆಟ್ಟು ಭುಜಕ್ಕೆ ಬರುವುದೇ ಇಲ್ಲ. ಆದರೂ ದಿನಕ್ಕೆ ನೂರು ಪೆಲೆಟ್ ಹೊಡೆಯುವ ಮಗುವಿಗೆ ನೂರು ಸಲ ಲಿವರ್ ಎಳೆಸುವುದು ತಪ್ಪು. ಭುಜ ದಣಿದು ಭಂಗಿಯೇ ಕೆಡುತ್ತದೆ. ಅಲ್ಲಿ ಪಿಸಿಪಿಯೇ ಸರಿ.

ಹತ್ತಿರದಲ್ಲಿ ಗಾಳಿ ತುಂಬಿಸುವ ಜಾಗವಿಲ್ಲದ ಊರಲ್ಲಿ, ವಾರಕ್ಕೊಮ್ಮೆ ಹಿತ್ತಲಲ್ಲಿ ಗಟ್ಟಿ ತಡೆಗೋಡೆ ಕಟ್ಟಿಕೊಂಡು ಕಾಗದಕ್ಕೆ ಹೊಡೆಯುವವರು ಸ್ಪ್ರಿಂಗ್ ರೈಫಲ್ಲೇ ಕೊಳ್ಳಿ. 4.5 ಮಿ.ಮೀ. ಬೋರ್, 20 ಜೂಲ್ ಮೀರದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹಕ್ಕಿಗೆ ಗುರಿಯಿಟ್ಟರೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಮ್ಯಾಚ್ ಪಿಸಿಪಿ ನೋಡಲು ಹೋದವರು ಬ್ಯಾರೆಲ್‌ಗಿಂತ ಮೊದಲು ಸಿಲಿಂಡರ್ ಮೇಲೆ ಕೆತ್ತಿದ ತಯಾರಿಕೆಯ ತಾರೀಕು ಓದಿ. ಹತ್ತು ವರ್ಷ ದಾಟಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನು ಮಾತಿನಲ್ಲೇ ಕಳೆಯಿರಿ.